ಮೂವತ್ತೊಂದು ಬೀಜ, ಒಂದು ಇದ್ದಿಲು

ಟಪಾಲಿನವನು ಆ ಕಾಗದ ತಂದುಕೊಡುವ ಹಿಂದಿನ ದಿನ ಶಾಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ದೊಡ್ಡವರು ಹದಿನಾರರ ಮಗ್ಗಿ ಹೇಳುತ್ತ ಎಂದಿನಂತೆ ಹದಿನಾರೇಳಕ್ಕೆ ಬಂದು ಎಡವಿದರು. ಕಂಬಕ್ಕೆ ಒರಗಿ ಕುಳಿತಿದ್ದ ನನ್ನ ಮಗಳು ಮೆಲ್ಲಗೆ, "ನೂರಾ ಹನ್ನೆರಡು" ಎಂದಳು. ದೊಡ್ಡ ತರಗತಿಯ ಒಬ್ಬ ಹುಡುಗ ತಿರುಗಿ, "ನೀನು ಲೆಕ್ಕಕ್ಕಿಲ್ಲ, ಸುಮ್ಕಿರೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳಿಗೆ ಆಗ ಏಳು ವರ್ಷ. ತಾಯಿ ಅವಳನ್ನು ಹೆತ್ತ ಹದಿಮೂರನೆಯ ದಿನ ತೀರಿಕೊಂಡಿದ್ದಳು. ಮದಕರಿಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿ ಐದು ವರ್ಷ ಬೆಳೆದು, ಆಮೇಲೆ ನನ್ನ ಜೊತೆ ಬಂದಿದ್ದಳು. ನಾನಿದ್ದದ್ದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಊರು, ಮಾಡದಕೆರೆಯಿಂದ ಮೂರು ಮೈಲಿ. ಒಂದೇ ಮಾಳಿಗೆ ಮನೆಯ ಮುಂದಿನ ಅಂಕಣ ಶಾಲೆ, ಹಿಂದಿನ ಅಂಕಣ ನಮ್ಮ ವಾಸ. ನಡುವೆ ಒಂದು ಮಣ್ಣಿನ ಗೋಡೆ. ಹಿತ್ತಲಿಗೆ ಹೊಂದಿಕೊಂಡು ಪಟೇಲರ ಹಗೇವು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ, ಇತ್ತು.

ಅದು ಗಂಡು ಮಕ್ಕಳ ಶಾಲೆ. ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡಲಾಗದೆ ಕಂಬದ ಬಳಿ ಕೂರಿಸಿಕೊಳ್ಳುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಅವಳ ಹೆಸರು ಬರೆದರೆ ಇನ್‌ಸ್ಪೆಕ್ಟರು ಏನನ್ನುವರೋ ಎಂಬ ಅಳುಕು ಒಂದು ಕಡೆ, ನನ್ನ ಮಗುವಿಗೆ ಪುಸ್ತಕವೇಕೆ ಎಂಬ ಉದಾಸೀನ ಇನ್ನೊಂದು ಕಡೆ. ಮುಂದಿನ ವರ್ಷ ಬರೆದರಾಯಿತು ಎಂದುಕೊಂಡಿದ್ದೆ.

ಮಾರನೆಯ ದಿನ ಬಂದ ಕಾಗದ ಎಲ್ಲ ಶಾಲೆಗಳಿಗೂ ಹೋದ ಸರ್ಕ್ಯುಲರು. ಪಕ್ಕದ ಹೋಬಳಿಯಲ್ಲಿ ಪ್ಲೇಗು ಕಾಣಿಸಿತ್ತು. ಮೇಷ್ಟರು ದಿನವೂ ಪಾಠಕ್ಕೆ ಮೊದಲು ಪ್ರತಿಯೊಬ್ಬ ಹುಡುಗನನ್ನೂ ಅವನ ಮನೆಯಲ್ಲಿ ಇಲಿ ಸತ್ತು ಬಿದ್ದಿದೆಯೇ ಎಂದು ಕೇಳಬೇಕು. ಹಣೆ ಮುಟ್ಟಿ ನೋಡಬೇಕು, ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಡ್ಡೆ ಇದೆಯೇ ಎಂದು ಪರೀಕ್ಷಿಸಬೇಕು. ಜ್ವರ ಬಂದ ಮನೆಯ ಮಕ್ಕಳನ್ನು ಹತ್ತು ದಿನ ಸೇರಿಸಬಾರದು. ಸತ್ತ ಇಲಿಯನ್ನು ಯಾರೂ ಕೈಯಿಂದ ಮುಟ್ಟಬಾರದು. ಕಡ್ಡಿಯಿಂದ ಎಳೆದು, ಹುಲ್ಲು ಹಾಕಿ, ಸೀಮೆಎಣ್ಣೆ ಸುರಿದು ಸುಡಬೇಕು. ಇಲಿ ಬಿದ್ದ ಮನೆಯವರು ಕೂಡಲೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಮನುಷ್ಯರಿಗೇ ಬಂದರೆ ಇಡೀ ಊರು ಬಿಡಬೇಕು, ರೋಗಿಯನ್ನು ಎಲ್ಲರಿಂದ ದೂರ ಇಡಬೇಕು.

ನಾನು ಇದನ್ನು ಪಾಠದಂತೆಯೇ ಕಲಿಸಿದೆ. ನೆಲಕ್ಕೆ ಚಾಪೆ ಹಾಸುವುದು ನಿಲ್ಲಿಸಿದೆ. ಹಲಗೆಗಳನ್ನು ಬಿಸಿಲಿಗಿಡಿಸಿದೆ. ಇಲಿಯ ಬದಲು ಒಂದು ಚಿಂದಿಯ ಗಂಟು ಇಟ್ಟು, ಕಡ್ಡಿಯಿಂದ ಎಳೆಯುವುದು ಹೇಗೆ, ಎಣ್ಣೆ ಎಷ್ಟು ಸುರಿಯಬೇಕು, ಗಾಳಿಯ ಯಾವ ಕಡೆ ನಿಲ್ಲಬೇಕು ಎಂದು ತೋರಿಸಿದೆ. ಎಲ್ಲರೂ ಮಾಡಿ ತೋರಿಸಿದರು. ಕೊನೆಗೆ ಕಂಬದ ಬಳಿಯಿಂದ ಅವಳೂ ಬಂದು ಮಾಡಿದಳು.

ಎಂಟನೆಯ ದಿನ, "ಯಾರ ಮನೇಲಾದ್ರೂ ಇಲಿ ಬಿದ್ದೈತೇನ್ರೋ?" ಎಂದು ಕೇಳಿದಾಗ ಕುರಿ ಸಾಕುವ ಮನೆಯ ಹುಡುಗ ಎದ್ದು ನಿಂತು, "ನಮ್ಮ ಮನೇಲಿ ಎಲ್ಡು ಬಿದ್ದವೆ ಮೇಷ್ಟ್ರೆ, ನಮ್ಮವ್ವ ತಿಪ್ಪೇಗೆ ಎಸೆದ್ಲು" ಎಂದ. ನಾನು ಪಟೇಲರಿಗೆ ಹೇಳಿದೆ. ಅವರು ಅಂದೇ ಆ ಮನೆಗೆ ಬೀಗ ಹಾಕಿಸಿ, ಮನೆಯವರನ್ನು ಊರ ಹೊರಗಿನ ಬೀಳಿಗೆ, ಉಳದೆ ಬಿಟ್ಟ ನೆಲಕ್ಕೆ, ಕಳಿಸಿದರು. ಅವರಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಆದರೆ ಹುಡುಗನ ಬೆನ್ನ ಮೇಲೆ ಅಪ್ಪನ ಚಾಟಿಯ ಬರೆ ಎದ್ದಿತ್ತು. ಅದನ್ನು ಎಲ್ಲ ಮಕ್ಕಳೂ ನೋಡಿದರು. ಮಾರನೆಯ ದಿನದಿಂದ ನಾನು ಎಷ್ಟು ಕೇಳಿದರೂ ಒಬ್ಬನೂ ಬಾಯಿ ಬಿಡಲಿಲ್ಲ.

ಅದು ಸುಗ್ಗಿಯ ಕಾಲ. ರಾಗಿ ಕಣದಲ್ಲಿತ್ತು. ಮನೆ ಬಿಡು ಎಂದರೆ ಯಾರಿಗೆ ಬೇಕು? ಇಲಿ ಬಿದ್ದರೂ ಬೆಳಗಾಗುವಷ್ಟರಲ್ಲಿ ಹೂತುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಉಪಾಯ ಸಿಕ್ಕಿದ್ದು ಮಗಳ ಆಟದಿಂದ. ಅಳಗುಳಿ ಮಣೆ ಆಡಲು ಅವಳು ಹುಣಸೆ ಬೀಜಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಕೂಡಿಟ್ಟಿದ್ದಳು. ಒಂದು ಸಂಜೆ ಅವಳು ಬೀಜಗಳನ್ನು ಸದ್ದಿಲ್ಲದೆ ಗುಳಿಗೆ ಹಾಕುವುದನ್ನು ನೋಡುತ್ತಿದ್ದಾಗ ಹೊಳೆಯಿತು. ಬಾಗಿಲ ಬಳಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ ಇಟ್ಟೆ. ಬಟ್ಟೆಯಲ್ಲಿ ಕೈ ತೂರುವಷ್ಟು ಸೀಳು. ಪಕ್ಕದಲ್ಲಿ ಎರಡು ಬುಟ್ಟಿ, ಒಂದರಲ್ಲಿ ಹುಣಸೆ ಬೀಜ, ಇನ್ನೊಂದರಲ್ಲಿ ಇದ್ದಿಲ ಚೂರು. ಪ್ರತಿಯೊಬ್ಬನೂ ಎರಡು ಬುಟ್ಟಿಗೂ ಕೈಹಾಕಿ, ಮನೆಯಲ್ಲಿ ಏನೂ ಇಲ್ಲದಿದ್ದರೆ ಬೀಜ, ಇಲಿ ಬಿದ್ದಿದ್ದರೆ ಇದ್ದಿಲು ಮುಷ್ಟಿಯಲ್ಲಿ ಮುಚ್ಚಿಕೊಂಡು ಗಡಿಗೆಗೆ ಹಾಕಬೇಕು. ಯಾರು ಏನು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಇದ್ದಿಲು ಬಂದ ದಿನ ತಳವಾರ ಊರಿನ ಎಲ್ಲ ಮನೆಗಳನ್ನೂ ನೋಡಿ ಬರುತ್ತಾನೆ. ಯಾರ ಮಗ ಹೇಳಿದ ಎಂಬ ಮಾತೇ ಬರುವುದಿಲ್ಲ.

"ಇಲಿ ವಿಷಯ ಇನ್ನು ಮ್ಯಾಲೆ ಬಾಯಲ್ಲಿ ಆಡಕೂಡದು," ಎಂದು ಕಟ್ಟುನಿಟ್ಟಾಗಿ ಹೇಳಿದೆ. "ಸ್ನೇಹಿತರ ಹತ್ರ ಬ್ಯಾಡ, ನನ್ನ ಹತ್ರಾನೂ ಬ್ಯಾಡ. ಗಡಿಗೆ ಹೇಳ್ತೈತೆ, ನಾನು ಕೇಳ್ತೀನಿ."

ಬೀಜಗಳು ಮಗಳವಾದ್ದರಿಂದ ಎಣಿಸುವ ಕೆಲಸ ಅವಳದೇ ಆಯಿತು. ಎಲ್ಲರೂ ಕುಳಿತ ಮೇಲೆ ಗಡಿಗೆಯನ್ನು ಮೊರಕ್ಕೆ ಸುರಿದು, ಐದೈದರ ಗುಂಪು ಮಾಡಿ ಎಣಿಸುತ್ತಿದ್ದಳು. "ಇಪ್ಪತ್ತೊಂಬತ್ತು, ಎಲ್ಲ ಬೀಜ" ಎನ್ನುವಾಗ ಅವಳ ಮುಖದಲ್ಲಿ ಶಾನುಭೋಗರ ಗತ್ತಿರುತ್ತಿತ್ತು.

ಗಡಿಗೆ ಕೆಲಸ ಮಾಡಿತು. ಅದನ್ನಿಟ್ಟ ಹನ್ನೊಂದನೆಯ ದಿನ ಒಂದು ಇದ್ದಿಲು ಬಂತು. ತಳವಾರ ಹುಡುಕಿದಾಗ ಗಾಣದ ಮನೆಯ ಅಟ್ಟದ ಮೇಲೆ ಸತ್ತ ಇಲಿ ಸಿಕ್ಕಿತು. ಅವರು ಮನೆ ಬಿಟ್ಟರು. ಯಾರೂ ಯಾವ ಹುಡುಗನ ಮೇಲೂ ಕೈ ಎತ್ತಲಿಲ್ಲ. ಅಂದು ನನಗೆ ಬಹಳ ಸಂತೋಷವಾಯಿತು.

ಅದಾದ ಒಂದು ವಾರಕ್ಕೆ ಗಡಿಗೆಯಲ್ಲಿ ನಾಲ್ಕು ಇದ್ದಿಲು ಬಂದವು. ನಾನು ಗಾಬರಿಯಿಂದ ಕಣಕ್ಕೇ ಓಡಿದೆ. ಪಟೇಲರು ರಾಗಿ ತೂರುವುದನ್ನು ನಿಲ್ಲಿಸಿ, ಆಳುಗಳನ್ನೂ ಕರೆದುಕೊಂಡು ಮಧ್ಯಾಹ್ನದವರೆಗೆ ಮನೆ ಮನೆ ಜಾಲಾಡಿದರು. ಒಂದು ಇಲಿಯ ಬಾಲವೂ ಸಿಗಲಿಲ್ಲ. ಕೊನೆಗೆ, ಮಗ್ಗಿಯ ಹೊತ್ತಿನಲ್ಲಿ ನನ್ನ ಮಗಳನ್ನು ಸುಮ್ಮನಿರಿಸಿದ್ದ ಹುಡುಗನೇ ಒಪ್ಪಿಕೊಂಡ. ಮುಷ್ಟಿ ತುಂಬ ಇದ್ದಿಲು ಹಾಕಿದರೆ ರಜೆ ಸಿಗುತ್ತದೆ ಎಂದುಕೊಂಡಿದ್ದನಂತೆ.

ಪಟೇಲರು ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತ ಶಾಲೆಯ ಮುಂದೆ ನಿಂತು, "ಏನ್ ಮೇಷ್ಟ್ರೆ, ಮಗ್ಗಿ ಕಲಿಸ್ರಿ ಅಂತ ಸರ್ಕಾರ ನಿಮ್ಮನ್ನ ಕಳಿಸಿದ್ರೆ ಇಲಿ ಎಣಿಸಾದು ಕಲಿಸ್ತಿದೀರಲ್ಲ! ಅದನ್ನಾದ್ರೂ ನೆಟ್ಟಗೆ ಎಣಿಸಿದ್ರಾ?" ಎಂದರು.

"ಮಗು ಎಣಿಸ್ತು," ಎಂದೆ.

"ಮಗು ಎಣಿಸ್ತಂತೆ! ಶಾಲೇಗೆ ಬಂದ ಹುಡುಗ್ರೆಷ್ಟು, ಗಡಿಗೇಲಿ ಬಿದ್ದಿದ್ದೆಷ್ಟು, ತಾಳೆ ನೋಡಬ್ಯಾಡ್ವಾ? ಇನ್ನು ಮ್ಯಾಲೆ ಲೆಕ್ಕ ಕೂಡಿದ್ರೆ ಮಾತ್ರ ನನ್ನ ಹತ್ರ ಬರ್ರಿ. ಗಾಳಿ ಇದ್ದಾಗ ರಾಗಿ ತೂರಬೇಕು, ನಿಮ್ಮ ಇದ್ಲು ಬಂದಾಗಲ್ಲ."

ಮಾತು ಒರಟಾಗಿದ್ದರೂ ಹೇಳಿದ್ದು ಸರಿಯಾಗಿಯೇ ಇತ್ತು. ಅಂದಿನಿಂದ ನಾನೇ ಎಣಿಸತೊಡಗಿದೆ. ಹಾಜರಿ ಕೂಗಿ, ಬಂದವರ ಸಂಖ್ಯೆ ಬರೆದುಕೊಂಡು, ಗಡಿಗೆಯಲ್ಲಿ ಬಿದ್ದದ್ದನ್ನು ಅದಕ್ಕೆ ತಾಳೆ ನೋಡುವುದು. ಹಾಜರಿಗಿಂತ ಹೆಚ್ಚು ಬಿದ್ದಿದ್ದರೆ ಯಾರೋ ಚೇಷ್ಟೆ ಮಾಡಿದ್ದಾರೆ ಎಂದರ್ಥ. ಮಗಳು ಮೊರ ಹಿಡಿದುಕೊಂಡು ನಿಲ್ಲುತ್ತಿದ್ದಳು.

ಹೀಗೆ ಎಣಿಸತೊಡಗಿದ ಆರನೆಯ ದಿನ ಮೂವತ್ತೊಂದು ಹುಡುಗರೂ ಬಂದಿದ್ದರು. ಸುಗ್ಗಿಯಲ್ಲಿ ಅದು ಅಪರೂಪ. ಗಡಿಗೆ ಸುರಿದೆ. ಎರಡು ಸಲ ಎಣಿಸಿದೆ. ಮೂವತ್ತೊಂದು ಬೀಜ, ಒಂದು ಇದ್ದಿಲು.

ಮೂವತ್ತೊಂದು ಮನೆಗಳಿಂದ ಮೂವತ್ತೊಂದು ಬೀಜ ಬಂದಿದ್ದವು. ಹಾಗಾದರೆ ಇದ್ದಿಲಿಗೆ ಮನೆಯೇ ಇರಲಿಲ್ಲ.

"ಯಾರೋ ಅದು, ಬೀಜದ ಜೊತೆ ಇದ್ಲೂ ಹಾಕಿದೋನು?" ಎಂದೆ. ಮಗ್ಗಿಯ ಹುಡುಗ ಅಳುಮೋರೆ ಮಾಡಿಕೊಂಡು, "ಈ ಸಲ ನಾನಲ್ಲ ಮೇಷ್ಟ್ರೆ, ನಮ್ಮಪ್ಪನಾಣೆಗೂ ನಾನಲ್ಲ" ಎಂದ. ಮಗಳು ಮೊರ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬೀಜ ವಾಪಸ್ಸು ತೆಗೆದುಕೊಳ್ಳಲು ಕಾಯುತ್ತಿದ್ದಾಳೆ ಎಂದುಕೊಂಡೆ. ಇದ್ದಿಲನ್ನು ಬಾಗಿಲಾಚೆ ಎಸೆದು, ಪುಸ್ತಕದಲ್ಲಿ "ಎಲ್ಲ ಮನೆಗಳೂ ಸರಿ" ಎಂದು ಬರೆದೆ. ಆ ಸಾಲು ನನ್ನ ಕೈಬರಹದಲ್ಲಿಯೇ ಇದೆ.

ಅಂದು ಸಂಜೆ ದೀಪ ಹಚ್ಚಲು ಹೋದರೆ ಸೀಮೆಎಣ್ಣೆಯ ಬುಡ್ಡಿ ಅರ್ಧ ಖಾಲಿಯಾಗಿತ್ತು.

"ಎಣ್ಣೆ ಎಲ್ಲಿ ಚೆಲ್ಲಿದೆ?" ಎಂದು ಕೇಳಿದೆ.

"ನಿಂಗೆ ಗೊತ್ತಲ್ಲಪ್ಪ," ಎಂದಳು.

ಎದುರುತ್ತರ ಕೊಡುತ್ತಿದ್ದಾಳೆ ಎಂದು ಗದರಿದೆ. ಅವಳು ಮುದ್ದೆ ತಿಂದಳು. ಊಟವಾದ ಮೇಲೆ ಒಂದು ಸಲ, "ಯಾವಾಗ ಹೋಗಾಣ?" ಎಂದಳು. ಮದಕರಿಪುರದ ಅತ್ತೆಯ ಮನೆಗೆ ಎಂದುಕೊಂಡು, "ಸುಗ್ಗಿ ಮುಗೀಲಿ" ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಏಳಲಿಲ್ಲ. ಮೈ ಕೆಂಡದಂತಿತ್ತು. ಕಣ್ಣು ಕೆಂಪಾಗಿದ್ದವು. ದಿನವೂ ಮೂವತ್ತೊಂದು ಹುಡುಗರ ಕಂಕುಳು ನೋಡಿದ ಕೈಯಿಂದ ಮೊದಲ ಸಲ ಅವಳ ಕಂಕುಳು ಮುಟ್ಟಿ ನೋಡಿದೆ. ಎಡಗಡೆ ನೆಲ್ಲಿಕಾಯಿಯಷ್ಟು ಗಡ್ಡೆ. ಮುಟ್ಟಿದರೆ ಚೀರಿದಳು.

"ನಮ್ಮನೇಲಿ ಇಲಿ ಬಿದ್ದಿತ್ತೇನಮ್ಮ?"

"ಹೂಂ. ಒಲೆ ಹಿಂದೆ. ನೀನು ಕೆರೆಗೆ ಹೋಗಿದ್ದೆ. ಕಡ್ಡೀಲಿ ಎಳೆದು ಹಿತ್ಲಲ್ಲಿ ಸುಟ್ಟೆ. ಕೈಲಿ ಮುಟ್ಟಲಿಲ್ಲ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲಪ್ಪ, ಇದ್ಲು ಹಾಕಿದ್ನಲ್ಲ. ಬಾಯಲ್ಲಿ ಆಡಬಾರ್ದು ಅಂದಿದ್ದೆ ನೀನು."

ನಾನು ಹೇಳಿಕೊಟ್ಟದ್ದರಲ್ಲಿ ಅವಳು ಒಂದನ್ನೂ ಬಿಟ್ಟಿರಲಿಲ್ಲ.

ಹೊರಗೆ ಮಕ್ಕಳ ಸದ್ದು ಕೇಳಿಸಿತು. ಇಬ್ಬರು ಮೂವರು ಆಗಲೇ ಬಂದು ಜಗಲಿಯ ಮೇಲೆ ಕುಳಿತಿದ್ದರು. ಮೂರು ದಿನ ಅವರೆಲ್ಲ ಆ ಒಂದು ಗೋಡೆಯ ಈಚೆ ಕುಳಿತು ಪಾಠ ಕಲಿತಿದ್ದರು. ಆಗ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಇದು ಬರೀ ಜ್ವರ ಎಂದುಬಿಡಬಹುದಿತ್ತು. ಹೊಸದುರ್ಗದಿಂದ ಡಾಕ್ಟರು ಬರಲು ಎರಡು ದಿನ ಬೇಕು. ಅಲ್ಲಿಯವರೆಗೆ ಅವಳು ತನ್ನ ಹಾಸಿಗೆಯಲ್ಲಿ, ಸೂರಿನ ಕೆಳಗೆ ಮಲಗಿರಬಹುದಿತ್ತು. ನೆರೆಯ ಹೆಂಗಸರು ಬಂದು ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ನಿಜ ಹೇಳಿದರೆ ಬಯಲಲ್ಲಿ ಒಂಟಿ ಗುಡಿಸಲು, ಹತ್ತಿರ ಒಂದು ನರಪಿಳ್ಳೆಯೂ ಬರುವುದಿಲ್ಲ. ಜಗಲಿಯ ಮೇಲೆ ಯಾರೋ ಬೀಜದ ಬುಟ್ಟಿ ಅಲ್ಲಾಡಿಸಿದರು. ಹೊರಗೆ ಹೋದೆ.

"ಇವತ್ತು ಒಳಗೆ ಬರಬ್ಯಾಡ್ರಿ. ಜಗಲಿ ಇಳೀರಿ. ಮನೆಗೆ ಓಡಿ ನಿಮ್ಮ ಅಪ್ಪಂದಿರಿಗೆ ಹೇಳ್ರಿ, ಮೇಷ್ಟ್ರ ಮನೇಲಿ ಪಿಳೇಗು ಬಂದೈತಂತೆ, ಊರು ಬಿಡಬೇಕಂತೆ."

ಪಟೇಲರ ಮನೆಗೆ ನಾನೇ ಹೋಗಿ, ಇಪ್ಪತ್ತು ಮಾರು ದೂರದಲ್ಲಿ ನಿಂತು ಕೂಗಿ ಹೇಳಿದೆ. ಇದ್ದಿಲಿನ ವಿಷಯವನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದು ಕಾದಿದ್ದೆ. ಅವರು ಒಳಗೆ ತಿರುಗಿ, "ಲೇ, ಗಾಡಿ ಕಟ್ರಲೇ" ಎಂದರು. ನನ್ನ ಕಡೆಗೆ, "ಲೆಕ್ಕ ಕೂಡಿದ್ರೆ ಮಾತ್ರ ಬರ್ರಿ ಅಂದೋನು ನಾನೇ ಅಲ್ವಾ ಮೇಷ್ಟ್ರೆ" ಎಂದರು. ರಾಗಿಯನ್ನು ಕಣದಲ್ಲೇ ಬಿಟ್ಟು ಊರು ಸಂಜೆಯೊಳಗೆ ಖಾಲಿಯಾಯಿತು.

ಮಗಳನ್ನು ಕರೆದೊಯ್ಯಲು ಅವಳ ಬಟ್ಟೆ ಹುಡುಕಿದೆ. ಬಾಗಿಲ ಮೂಲೆಯಲ್ಲಿ ಒಂದು ಗಂಟು ಕಟ್ಟಿಟ್ಟಿತ್ತು. ಒಳಗೆ ಅವಳ ಎರಡು ಲಂಗ, ಹಲಗೆ, ಬೀಜದ ಚೀಲ. ಇಲಿ ಬಿದ್ದ ಮನೆ ಬಿಡಬೇಕು ಎಂದು ಕಲಿತವಳು ಅಂದೇ ಹೊರಡಲು ಸಿದ್ಧಳಾಗಿದ್ದಳು. ನಾನು ಹೊರಡುವುದನ್ನು ಮೂರು ದಿನ ಕಾದಿದ್ದಳು.

ಊರವರ ಗುಡಿಸಲುಗಳು ಕೆರೆಯ ಮೇಲ್ಗಡೆ. ನಮ್ಮದು ಅಲ್ಲಿಂದ ಎರಡು ಹೊಲ ಆಚೆ, ಅದೇ ಬೀಳಿನಲ್ಲಿ ಒಂದು ಬಂಡೆಯ ಮಗ್ಗುಲಿಗೆ. ತಳವಾರ ಬಂಡೆಯ ಮೇಲೆ ನೀರಿನ ಗಡಿಗೆ ಇಟ್ಟು ಕೂಗಿ ಹೋಗುತ್ತಿದ್ದ. ಡಾಕ್ಟರು ಮೂರನೆಯ ದಿನ ಬಂದು, ಗಡ್ಡೆ ನೋಡಿ, ಒಂದು ಸೀಸೆ ಔಷಧ ಕೊಟ್ಟು, ಬೇರೆ ಊರಿಗೂ ಹೋಗಬೇಕು ಎಂದು ಹೊರಟರು.

ಅಲ್ಲಿಗೆ ಬಂದ ಇನ್ನೊಬ್ಬಳೆಂದರೆ ಆ ಕುರಿ ಸಾಕುವ ಮನೆಯ ಹುಡುಗನ ತಾಯಿ. ಬಂಡೆಯ ಮೇಲೆ ಒಂದು ತಂಬಿಗೆ ಇಟ್ಟು ದೂರ ಸರಿದು ನಿಂತಳು.

"ಆಡಿನ ಹಾಲು ಐತೆ, ಕುಡಿಸ್ರಿ. ನಮ್ಮನ್ನ ಈ ಬೀಳಿಗೆ ಹಾಕಿಸಿದಾಗ ನೀವು ಒಂದಿನಾನಾದ್ರೂ ಬಂದು ಹ್ಯಾಂಗಿದೀರಿ ಅಂದ್ರಾ?"

"ಇಲ್ಲಮ್ಮ," ಎಂದೆ.

"ಇಲ್ಲ. ಅದ್ಕೇ ನಾನು ಬಂದೆ. ಒಬ್ರೇ ಇರಾದು ಹ್ಯಾಂಗಿರ್ತೈತೆ ಅಂತ ನಂಗೊತ್ತು. ಮಗೀಗೆ ಬಿಸಿ ಮಾಡಿ ಕೊಡ್ರಿ."

ಮಗಳು ಎರಡು ಗುಟುಕು ಕುಡಿದಳು. ಅಂದು ಮಧ್ಯಾಹ್ನ ಜ್ವರದ ಕನವರಿಕೆಯಲ್ಲಿ ಐದು, ಹತ್ತು, ಹದಿನೈದು ಎಂದು ಎಣಿಸುತ್ತಿದ್ದಳು. ಮೂವತ್ತಕ್ಕೆ ಬಂದು ಮತ್ತೆ ಐದಕ್ಕೆ ಹೋಗುತ್ತಿದ್ದಳು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಹೋದಳು.

ಕಾಯಿದೆಯಂತೆ ಯಾರೂ ಹತ್ತಿರ ಬರಲಿಲ್ಲ. ತಳವಾರ ಗುಂಡಿ ತೆಗೆದು ಹಿಂದೆ ಸರಿದ. ನಾನೇ ಎತ್ತಿಕೊಂಡು ಹೋಗಿ, ಹಣೆಗೆ ವಿಭೂತಿ ಹಚ್ಚಿ ಮಲಗಿಸಿದೆ. ದೂರದ ಬದುವಿನ ಮೇಲೆ ಪಟೇಲರು ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಹಿಂದೆ ನನ್ನ ಶಾಲೆಯ ಹುಡುಗರು ಸಾಲಾಗಿ ನಿಂತಿದ್ದರು. ಆಮೇಲೆ ಗುಡಿಸಲನ್ನು ಸುಟ್ಟು, ಬೇರೊಂದು ಹಾಕಿಕೊಂಡು, ನಾನು ಹತ್ತು ದಿನ ಒಬ್ಬನೇ ಇದ್ದೆ. ಮಾತಾಡಲು ಯಾರೂ ಇರಲಿಲ್ಲ. ಹೊತ್ತು ಹೋಗದಿದ್ದಾಗ ಹಾಜರಿಯ ಹೆಸರುಗಳನ್ನು ಕ್ರಮವಾಗಿ ಹೇಳಿಕೊಳ್ಳುತ್ತಿದ್ದೆ. ಕೊನೆಯ ಹೆಸರಾದ ಮೇಲೆ ನಿಲ್ಲುತ್ತಿದ್ದೆ.

ಹನ್ನೊಂದನೆಯ ದಿನ ಗುಡಿಸಲುಗಳ ಹತ್ತಿರದ ಹೊಂಗೆ ಮರದ ಕೆಳಗೆ ಶಾಲೆ ಶುರುಮಾಡಿದೆ. ಗಡಿಗೆ ಇಟ್ಟೆ. ಹುಡುಗರೆಲ್ಲ ಹಾಕಿದ ಮೇಲೆ ನಾನೂ ಒಂದು ಬೀಜ ಹಾಕಿದೆ. ಅವರು ನೋಡುತ್ತಿದ್ದರು. ಮೇಷ್ಟರ ಮನೆಯೂ ಒಂದು ಮನೆಯೇ ಎಂದು ಬಿಡಿಸಿ ಹೇಳಬೇಕಾಗಲಿಲ್ಲ. ಆ ಮೂವತ್ತೊಂದು ಮಕ್ಕಳಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಊರಿನಲ್ಲಿಯೂ ಬೇರೆ ಯಾರೂ ಸಾಯಲಿಲ್ಲ. ಸಕಾಲದಲ್ಲಿ ಊರು ಬಿಟ್ಟದ್ದರಿಂದ ಎಂದು ಡಾಕ್ಟರು ಹೇಳಿ ಕಳಿಸಿದರು.

ಊರಿಗೆ ಹಿಂತಿರುಗಿದ ಎರಡು ತಿಂಗಳಿಗೆ ಚಿತ್ರದುರ್ಗದಿಂದ ಇನ್‌ಸ್ಪೆಕ್ಟರು ಬಂದರು. ಗಡಿಗೆಯ ಪದ್ಧತಿಯನ್ನು ಮೆಚ್ಚಿದರು. ಬೀಜ ಎಣಿಸಿ ನೋಡಿ, "ಹುಡುಗರು ಮೂವತ್ತೊಂದು, ಬೀಜ ಮೂವತ್ತೆರಡು ಯಾಕೆ?" ಎಂದು ಕೇಳಿದರು. ಒಂದು ನನ್ನದು ಎಂದೆ. ತಲೆಯಾಡಿಸಿ, ವರದಿಯ ಕಾಗದ ತೆಗೆದು, "ಈ ಕಾಯಿಲೆಯಲ್ಲಿ ನಿಮ್ಮ ಶಾಲೆಯ ಮಕ್ಕಳು ಎಷ್ಟು ಮಂದಿ ತೀರಿಕೊಂಡರು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಗ್ಗಿಯ ಹುಡುಗ ಎದ್ದು ನಿಂತು, "ಒಬ್ಳು, ಸ್ವಾಮಿ" ಎಂದ.

ಇನ್‌ಸ್ಪೆಕ್ಟರು ಹಾಜರಿ ಪುಸ್ತಕವನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾರು? ಇದರಲ್ಲಿ ಕಾಣುತ್ತಿಲ್ಲವಲ್ಲ."

"ನನ್ನ ಮಗಳು ಸ್ವಾಮಿ. ಬರೆದಿರಲಿಲ್ಲ," ಎಂದೆ.

ಅವರು ಕೆಟ್ಟವರಲ್ಲ. ಲೇಖನಿಯನ್ನು ಕೆಳಗಿಟ್ಟರು. ಆಮೇಲೆ, "ಪುಸ್ತಕದಲ್ಲಿ ಇಲ್ಲದವರನ್ನು ನಾನು ವರದಿಯಲ್ಲಿ ಸೇರಿಸುವ ಹಾಗಿಲ್ಲ ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿ, "ಯಾರೂ ಇಲ್ಲ" ಎಂದು ಬರೆದರು.

ಅವರು ಹೋದ ಮೇಲೆ ಪುಸ್ತಕ ತೆರೆದು, ಕೊನೆಯ ಹೆಸರಿನ ಕೆಳಗೆ ಬರೆಯಲೆಂದು ಲೇಖನಿ ಅದ್ದಿದೆ. ಸೇರಿದ ತಾರೀಖು ಎಂಬ ಜಾಗದಲ್ಲಿ ಏನು ಬರೆಯುವುದೆಂದು ತಿಳಿಯದೆ ಮುಚ್ಚಿಟ್ಟೆ. ಆ ಪುಸ್ತಕ ಶಾಲೆಯ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಮೂವತ್ತೊಂದು ಹೆಸರುಗಳಿವೆ. ಅವಳ ಹೆಸರು ಇಲ್ಲ.